ತಲಾ ಎಷ್ಟು ರೊಟ್ಟಿ

ನಮ್ಮದು ಬಡ ದೇಶ ಎಂದು ನನಗೆ ಗೊತ್ತಾದದ್ದು ಹತ್ತನೇ ಇಯತ್ತೆಯಲ್ಲಿ. ಅಲ್ಲಿಯ ತನಕ ನಮ್ಮ ಮನೆಯ ಬಗ್ಗೆ ಒಂದಿಷ್ಟು ಸಂಶಯ ಇತ್ತೇ ಹೊರತು ದೇಶದ ಬಗ್ಗೆ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಣ್ಣಿಗೇರಿಯ ನಮ್ಮ ಸಾಲೆಯಲ್ಲಿ ಸಮಾಜ ಕಲಿಸುವ ಮಾಸ್ತರು ಒಂದು ದಿನ ಪೇಪರಿನ ತುಂಡೊಂದನ್ನು ತಂದು ಗೋಡೆಗೆ ಅಂಟಿಸಿದರು. ಪರದೇಶದ ಯಾವುದೋ ದೊಡ್ಡ ಕಚೇರಿಯವರು ಜಗತ್ತಿನ ದೇಶಗಳನ್ನೆಲ್ಲ ಆದಾಯದ ಮೇಲೆ ಸಾಲು ಹಚ್ಚಿ ನಿಲ್ಲಿಸಿದ್ದರು. ಮೇಲೆ ಶ್ರೀಮಂತರು, ನಡುವೆ ನಡುವಿನವರು, ಕೆಳಗೆ ಬಡವರು. ನಮ್ಮ ದೇಶದ ಹೆಸರು ಹುಡುಕುತ್ತ ನಾನು ಮೇಲಿನಿಂದ ಬೆರಳು ಇಳಿಸುತ್ತ ಬಂದೆ. ಬೆರಳು ಕಾಗದ ಬಿಟ್ಟು ಗೋಡೆಗೆ ಇಳಿಯುವ ಹೊತ್ತಿಗೆ ಸಿಕ್ಕಿತು.

ನನಗೆ ಸಿಟ್ಟು ಬಂತು. ಆ ವಯಸ್ಸಿನಲ್ಲಿ ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಆದರೆ ಇದು ನಿಜಕ್ಕೂ ದೊಡ್ಡದಿತ್ತು. ಇಡೀ ದೇಶವನ್ನು ಯಾರೋ ಕುರ್ಚಿಯಲ್ಲಿ ಕೂತವರು ಒಂದು ಕಾಗದದ ತಳಕ್ಕೆ ಹಾಕುವುದೆಂದರೇನು?

ಮಾಸ್ತರು ಸಮಾಧಾನದಿಂದ ಬಿಡಿಸಿ ಹೇಳಿದರು. ದೇಶದ ಒಂದು ವರ್ಷದ ಗಳಿಕೆಯನ್ನೆಲ್ಲ ಕೂಡಿಸುವುದು, ಆಮೇಲೆ ದೇಶದಲ್ಲಿ ಎಷ್ಟು ತಲೆ ಇವೆಯೋ ಅಷ್ಟರಿಂದ ಭಾಗಿಸುವುದು. ಬಂದದ್ದೇ ತಲಾ ಆದಾಯ. ಅದು ಹೆಚ್ಚಿದ್ದವರು ಮೇಲಿನ ಸಾಲಿಗೆ, ಕಡಿಮೆ ಇದ್ದವರು ಕೆಳಗಿನ ಸಾಲಿಗೆ.

“ಹಂಗಾರ ಎಲ್ಲಾರಿಗೂ ಅಷ್ಟಷ್ಟ ಸಿಗತೈತೇನ್ರಿ ಸರ್?” ಎಂದೆ.

“ಇಲ್ಲ. ಒಬ್ಬಂವಗ ಬಾಳ ಸಿಗತೈತಿ, ಒಬ್ಬಂವಗ ಏನೂ ಸಿಗೂದಿಲ್ಲ.”

“ಮತ್ತ್ಯಾಕ ಭಾಗಾಕಾರ ಮಾಡೂದ್ರಿ?”

“ಹೋಲಿಸಾಕ ಏನರೆ ಒಂದು ಅಳತಿ ಬೇಕಲ್ಲಬೇ. ಬಡವರು ಯಾರಂತ ಗೊತ್ತಾದ್ರ ಅವರಿಗೆ ಸಾಲ ಕಡಿಮಿ ಬಡ್ಡಿಗೆ ಸಿಗತೈತಿ.”

“ಅಂದ್ರ ಕೆಳಗಿದ್ರ ಫಾಯದೆ ಐತಿ ಅಂದಂಗಾತು!”

ಮಾಸ್ತರು ಹಲಗೆಗೆ ಬರೆಯುವ ಖಡುವನ್ನು ಮೇಜಿನ ಮೇಲಿಟ್ಟು ನಕ್ಕರು. “ನೀ ಇದನ್ನ ಇಲ್ಲಿ ಕೇಳಬ್ಯಾಡ. ಗ್ಯಾದರಿಂಗಿನ್ಯಾಗ ಸ್ಟೇಜ್ ಹತ್ತಿ ಕೇಳು.”

ಗ್ಯಾದರಿಂಗ್ ಎಂದರೆ ವರ್ಷಕ್ಕೊಮ್ಮೆ ಸಾಲೆಯಲ್ಲಿ ನಡೆಯುವ ಹಬ್ಬ. ನಾಟಕ, ಹಾಡು, ಆಟ, ಮತ್ತು ಯಾರೂ ಕೇಳದ ಒಂದು ಚರ್ಚಾ ಸ್ಪರ್ಧೆ. ಆ ವರ್ಷದ ವಿಷಯ ಅಲ್ಲೇ ನಿಂತಲ್ಲೇ ಠರಾವಾಯಿತು: ದೇಶಗಳನ್ನು ತಲಾ ಆದಾಯದ ಮೇಲೆ ವಿಂಗಡಿಸುವುದು ಯೋಗ್ಯವೋ ಅಯೋಗ್ಯವೋ. ಅಯೋಗ್ಯ ಎನ್ನುವುದು ನನ್ನ ಪಾಲಿಗೆ. ಯೋಗ್ಯ ಎನ್ನಲು ಅಡತಿ ಅಂಗಡಿಯವರ ಮಗನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಒಂದು ಕೂದಲೂ ಅತ್ತಿತ್ತ ಆಗದಂತೆ ಬರುವ ಹುಡುಗ. ಅವನನ್ನು ಸೋಲಿಸಲೇಬೇಕೆಂದು ನಾನು ಅಂದೇ ಲೆಕ್ಕ ಹಾಕಿದೆ.

ಇನ್ನು ನಮ್ಮ ಮನೆಯ ಕಡೆ ಬರುತ್ತೇನೆ, ಯಾಕೆಂದರೆ ನಾನು ಮಾಡಿದ ಹುಚ್ಚುತನಕ್ಕೆ ಬೇಕಾದ ಸಾಮಾನೆಲ್ಲ ಅಲ್ಲೇ ಇತ್ತು.

ನಮಗೆ ಒಂದೇ ಎತ್ತು. ಬಿಳಿಯದು, ಒಂದು ಕೋಡು ಸ್ವಲ್ಪ ಒಳಕ್ಕೆ ಬಾಗಿದ್ದು. ಒಂದೇ ಎತ್ತಿನಿಂದ ಕಪ್ಪು ಮಣ್ಣಿನ ಎರಿ ಹೊಲ ಹರಗಲು ಆಗುವುದಿಲ್ಲ. ಬಾಜೂ ಮನೆಯ ಕಾಕಾನಿಗೂ ಒಂದೇ ಎತ್ತು, ಕೆಂಪನೆಯದು. ಹೀಗಾಗಿ ನಮ್ಮಪ್ಪನೂ ಕಾಕಾನೂ ಎಷ್ಟೋ ವರ್ಷಗಳಿಂದ ಕೂಡಿಕೊಂಡು ಒಕ್ಕಲುತನ ಮಾಡುತ್ತಿದ್ದರು. ಎರಡೂ ಎತ್ತುಗಳನ್ನು ಕಟ್ಟಿ ಮೂರು ದಿನ ನಮ್ಮ ಹೊಲ, ಮೂರು ದಿನ ಅವರ ಹೊಲ, ಸೋಮವಾರ ಬಸವಣ್ಣಗಳಿಗೆ ಸೂಟಿ. ಸಂಜೆ ನೊಗ ಬಿಚ್ಚಿದ ಮೇಲೆ ಯಾರ ಎತ್ತು ಯಾರ ಮನೆಗೆ ಹೋಗಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಓಣಿಗೆ ಬಂದ ಕೂಡಲೇ ಬಿಳಿಯದು ನಮ್ಮ ಬಾಗಿಲಿಗೆ ತಿರುಗುತ್ತಿತ್ತು, ಕೆಂಪನೆಯದು ಇನ್ನೊಂದು ಬಾಗಿಲು ಮುಂದೆ ಹೋಗುತ್ತಿತ್ತು.

ಹೀಗೆ ಬಾಳುವೆ ಅಗದಿ ನೆಟ್ಟಗೆ ನಡೆದಿತ್ತು. ಅಡಚಣೆ ಬಂದದ್ದು ನಮ್ಮಣ್ಣನ ಮದುವೆಯ ಮಾತು ಎದ್ದಾಗ.

ನಮ್ಮ ಕಡೆ ಗಂಡಿನವರು ಹುಡುಗಿಯನ್ನು ನೋಡಿ ಒಪ್ಪಿದ ಮೇಲೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುತ್ತಾರೆ. ಗಂಡನ್ನು ನೋಡುವುದು ಒಂದು ನಿಮಿಷ, ದನದ ಕೊಟ್ಟಿಗೆ ನೋಡುವುದು ಅರ್ಧ ತಾಸು. ಮನಸ್ಸಿಗೆ ಬಂದರೆ ಆ ಮನೆಯಲ್ಲಿ ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಾರೆ. ಬರದಿದ್ದರೆ ನೀರು ಕುಡಿದು ಎದ್ದುಬಿಡುತ್ತಾರೆ. ಬಾಯಿಬಿಟ್ಟು ಯಾರೂ ಒಲ್ಲೆ ಎನ್ನುವುದಿಲ್ಲ. ಮುಟ್ಟದ ತಾಟೇ ಎಲ್ಲ ಹೇಳುತ್ತದೆ. ಹಿಂದಿನ ವರ್ಷ ಕುಂದಗೋಳದ ಕಡೆಯವರೊಬ್ಬರು ಹೀಗೇ ಬಂದಿದ್ದರು. ಕೊಟ್ಟಿಗೆಯಲ್ಲಿ ಇಣುಕಿ, “ಒಂದ ಎತ್ತೇನು?” ಎಂದರು. ಹೊರಗೆ ಬಂದು, “ಗಾಡಿಗೆ ಹೊತ್ತಾತು” ಎಂದರು. ಅವ್ವ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಮಾಡಿದ ಚುನಮುರಿ ಸುಸಲಾ ತಾಟಿನಲ್ಲೇ ಉಳಿಯಿತು. ಅಣ್ಣ ಅಂದು ಹೊಲಕ್ಕೆ ಹೋದವನು ಊಟಕ್ಕೂ ಬರಲಿಲ್ಲ. ಬುತ್ತಿ ಒಯ್ದ ನನಗೆ, “ಎತ್ತು ಒಂದ ಇದ್ರೂ ಹೊಲಾ ಬಿತ್ತೇವಿಲ್ಲೋ?” ಎಂದು ಕೇಳಿದ, ಬಿತ್ತದೆ ಬಿಟ್ಟವಳು ನಾನೇ ಎಂಬಂತೆ.

ಈ ಸಲದ್ದು ಕಲಘಟಗಿ ಕಡೆಯ ತಂಬೂರದ ಹುಡುಗಿ. ಅಣ್ಣ ಹೋಗಿ ನೋಡಿ ಬಂದಿದ್ದ. ಬಂದಾಗಿನಿಂದ ಎತ್ತಿನ ಮೈ ತಿಕ್ಕುವಾಗಲೂ ನಗುತ್ತಿದ್ದ. ನಾನು ಬೆನ್ನು ಹತ್ತಿ ಕೇಳಿದೆ, “ಏನ್ ಮಾತಾಡಿದ್ಲು?”

“ನಿಮ್ಮ ಎತ್ತ ಕೋಡಿಲೆ ಹಾಯತಾವೇನ್ರಿ ಅಂತ ಕೇಳಿದ್ಲು.”

“ನೀ ಏನಂದಿ?”

“ಇಲ್ಲ, ಎರಡೂ ಹಾಯೂದಿಲ್ಲ ಅಂದೆ.”

ಎರಡೂ! ಅಣ್ಣ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಇದೂ ಸುಳ್ಳಲ್ಲ, ಎರಡೂ ಎತ್ತು ಹಾಯುತ್ತಿರಲಿಲ್ಲ. ಆದರೆ ತಂಬೂರದಲ್ಲಿ ನಾವು ಜೋಡೆತ್ತಿನ ಮನೆಯವರಾಗಿಬಿಟ್ಟಿದ್ದೆವು.

ಹುಡುಗಿಯ ಅಪ್ಪ ಬರುವ ದಿನಕ್ಕೆ ನಮ್ಮಪ್ಪ ತಯಾರಿ ನಡೆಸಿದ. ಆ ಒಂದು ದಿನ ಕಾಕಾನ ಎತ್ತು ನಮ್ಮ ಕೊಟ್ಟಿಗೆಯಲ್ಲಿ ಇರತಕ್ಕದ್ದು. ಗೌಡರ ಮನೆಯಿಂದ ಎರಡು ಕುರ್ಚಿ, ಎದುರು ಮನೆಯಿಂದ ಹಿತ್ತಾಳೆ ಹಂಡೆ. ಕಾಕಾ ಇದನ್ನೆಲ್ಲ ತನ್ನ ಮಗನ ಮದುವೆಯಂತೆಯೇ ಹಚ್ಚಿಕೊಂಡ. “ಯಾರ ಕೇಳಲಿ, ಎರಡೂ ನಿಂದ ಅಂತೇನಿ. ಆಣಿ ಮಾಡಂದ್ರ ಆಣಿನೂ ಮಾಡತೇನಿ” ಎಂದ.

ನನಗೆ ಇದರಲ್ಲಿ ಸೋಜಿಗವೆನಿಸಿದ್ದು ಬೇರೆ. ಎರಡೇ ತಿಂಗಳ ಹಿಂದೆ ನನ್ನ ಫೀ ಮಾಫಿ ಮಾಡಿಸಲು ಅಪ್ಪ ಊರ ಲೆಕ್ಕ ಬರೆಯುವ ತಲಾಟಿಯ ಹತ್ತಿರ ಹೋಗಿದ್ದ. ನಮ್ಮ ಆದಾಯ ಕಡಿಮೆ ಎಂದು ತಲಾಟಿ ಬರೆದುಕೊಡಬೇಕಿತ್ತು. ಅವತ್ತು ಅಪ್ಪ ಹುಡುಕಿ ಹುಡುಕಿ ತೇಪೆ ಹಾಕಿದ ಧೋತರ ಉಟ್ಟಿದ್ದ. ಈಗ ಅದೇ ಅಪ್ಪ ನೀಲಿ ಹಾಕಿ ಒಗೆದ ಧೋತರವನ್ನು ಮಡಿಸಿ ದಿಂಬಿನ ಕೆಳಗೆ ಇಡುತ್ತಿದ್ದ. ಮನೆ ಅದೇ, ಎತ್ತು ಅದೇ, ತಲೆಗಳೂ ಅವೇ ಒಂಬತ್ತು: ಅಪ್ಪ, ಅವ್ವ, ಅಜ್ಜಿ, ಅಣ್ಣ, ನಾನು, ನನ್ನ ಇಬ್ಬರು ತಮ್ಮಂದಿರು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಬಂದಿದ್ದ ಅತ್ತಿ, ಅವಳ ಮಗಳು. ತಲಾಟಿಯ ಕಾಗದದಲ್ಲಿ ಕೆಳಗಿನ ಸಾಲು, ಬೀಗರ ಕಣ್ಣಿಗೆ ಮೇಲಿನ ಸಾಲು. ಚರ್ಚೆಗೆ ಇದಕ್ಕಿಂತ ಗಟ್ಟಿ ಮಾತು ಎಲ್ಲಿ ಸಿಗಬೇಕು?

ಬೀಗರು ಬರುವ ದಿನವೂ ಗ್ಯಾದರಿಂಗಿನ ದಿನವೂ ಒಂದೇ ಆಯಿತು. ಅವರು ಸಂಜೆ ಗಾಡಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದರು. ಚರ್ಚೆ ಮಧ್ಯಾಹ್ನ. “ನಿನ್ನ ಭಾಷಣಾ ಕೇಳಾಕ ಯಾರೂ ಬರಾಕ ಆಗೂದಿಲ್ಲ ನೋಡವಾ” ಎಂದು ಅಪ್ಪ ಬೇಸರದಿಂದಲೇ ಹೇಳಿದ. ನನಗೆ ಒಳಗೊಳಗೆ ಖುಷಿ. ಮನೆಯವರು ಯಾರೂ ಇರುವುದಿಲ್ಲ ಎಂದ ಮೇಲೆ ನನ್ನ ನಾಲಿಗೆಗೆ ಯಾವ ಹಗ್ಗ?

ಚರ್ಚೆಯಲ್ಲಿ ಮೊದಲು ಅಡತಿಯವರ ಮಗ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಅದು ನನಗೆ ಸೇರಲಿಲ್ಲ. “ನಮ್ಮ ಅಂಗಡಿಗೆ ನೂರು ಚೀಲ ಜೋಳ ಬಂದರೆ ಪ್ರತಿಯೊಂದು ಕಾಳನ್ನೂ ನೋಡಲು ಆಗುವುದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಮುಷ್ಟಿ ತೆಗೆಯುತ್ತೇವೆ. ಇದು ಒಂದನೇ ದರ್ಜೆ, ಇದು ಎರಡನೇ ದರ್ಜೆ ಎನ್ನುತ್ತೇವೆ. ಕಾಳು ಕಾಳಿಗೂ ಫರಕು ಇರುತ್ತದೆ, ಒಪ್ಪೋಣ. ಆದರೆ ದರ್ಜೆಯೇ ಬೇಡ ಎಂದರೆ ಧಾರಣೆ ಹಚ್ಚುವುದು ಹೇಗೆ? ಹಸಿದವನು ಯಾರು ಎಂದು ಗೊತ್ತಾಗದಿದ್ದರೆ ಉಣಿಸುವುದು ಯಾರಿಗೆ?” ಚಪ್ಪಾಳೆ ಬಿದ್ದವು. ಇಷ್ಟು ವರ್ಷಗಳಾದ ಮೇಲೆ ಹೇಳುತ್ತೇನೆ, ಅವನ ಆ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಅಂದೂ ಉತ್ತರ ಇರಲಿಲ್ಲ, ಇಂದೂ ಪೂರ್ತಿ ಇಲ್ಲ. ಹಾಗೆಂದು ಅಂದು ಸ್ಟೇಜಿನ ಮೇಲೆ ಒಪ್ಪಿಕೊಳ್ಳುವಷ್ಟು ಶಾಣ್ಯಾತನ ನನಗಿರಲಿಲ್ಲ.

ನಾನು ಎದ್ದು ನಿಂತು, ಬಾಯಿಪಾಠ ಮಾಡಿದ ಪುಸ್ತಕದ ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳಿದೆ. ಐದನೆಯದು ಮರೆಯಿತು. ಮರೆತದ್ದೇ ಚಲೋ ಆಯಿತು ಎಂದು, ನಮ್ಮ ಮಾತಿಗೆ ಇಳಿದೆ.

“ನಮ್ಮ ಮನ್ಯಾಗ ದಿನಾ ಮೂವತ್ತಾರು ರೊಟ್ಟಿ ಬಡೀತಾರ. ತಲಿ ಒಂಬತ್ತು. ಭಾಗಾಕಾರ ಮಾಡಿದ್ರ ತಲಾ ನಾಕು ರೊಟ್ಟಿ. ಆದ್ರ ನಮ್ಮಜ್ಜಿ ಒಂದ ರೊಟ್ಟಿ ಹಾಲಿನ್ಯಾಗ ನೆನಸಿ ತಿಂತಾಳ. ನಮ್ಮಣ್ಣ ಏಳು ತಿಂತಾನ. ನಮ್ಮವ್ವ ಎಷ್ಟ ತಿಂತಾಳಂತ ಯಾರಿಗೂ ಗೊತ್ತಿಲ್ಲ, ಯಾಕಂದ್ರ ಎಲ್ಲಾರದೂ ಆದ ಮ್ಯಾಲ ಉಣತಾಳ. ನಾಕು ರೊಟ್ಟಿ ತಿನ್ನೋ ಮನಶ್ಯಾನ ನಮ್ಮ ಮನ್ಯಾಗ ಒಬ್ಬಾಂವೂ ಇಲ್ಲ. ಹಂಗಾರ ಈ ನಾಕು ಅನ್ನೂದು ಯಾರ ಲೆಕ್ಕ?”

ಜನ ನಕ್ಕರು. ಹಿಂದೆ ಕೂತವರು ಮುಂದೆ ಬಾಗಿದರು. ನನಗೆ ಅಮಲೇರಿತು.

“ಇನ್ನೊಂದು ಕೇಳ್ರಿ. ನಮಗ ಒಂದ ಎತ್ತು, ಬಾಜೂ ಮನಿಯವರಿಗೆ ಒಂದ ಎತ್ತು. ಮನಿ ಪ್ರಕಾರ ಭಾಗ ಮಾಡಿದ್ರ ಮನಿಗೆ ಅರ್ಧ ಜೋಡಿ. ಅರ್ಧ ಜೋಡಿಲೆ ಯಾರರೆ ಹೊಲಾ ಹರಗ್ಯಾರೇನು? ಆ ಕಚೇರಿಯವರ ಕಾಗದದಾಗ ಎರಡೂ ಮನಿ ಹೊಲಾ ಬೀಳು. ಆದ್ರ ನಮ್ಮ ಎರಡೂ ಹೊಲಾ ವರ್ಷಾ ಬೆಳೀತಾವ. ಕೂಡಿಕೊಂಡಿದ್ದು ಅವರ ಲೆಕ್ಕದಾಗ ಬರೂದಿಲ್ಲ, ಹರಕೊಂಡಿದ್ದು ಅಷ್ಟ ಬರತೈತಿ!”

ಅಲ್ಲಿಗೆ ನಿಲ್ಲಿಸಬೇಕಿತ್ತು. ಚಪ್ಪಾಳೆ ಬಿದ್ದಲ್ಲಿ ನಿಲ್ಲಿಸುವುದನ್ನು ನಾನು ಆಮೇಲೆ ಕಲಿತೆ.

“ಅದಕ್ಕ, ನೋಡಾವರು ಯಾರು ಅನ್ನೂದರ ಮ್ಯಾಲ ಬಡತನಾ ಶ್ರೀಮಂತಿಕಿ. ತಲಾಟಿ ಮುಂದ ನಮ್ಮಪ್ಪ ತ್ಯಾಪಿ ಧೋತರಾ ಉಟಕೊಂಡ ಹೋಗಿ ಬಡವ ಆಗಿ ಬಂದ. ಇವತ್ತ ಸಂಜೀಕ ನಮ್ಮಣ್ಣನ ಬೀಗರು ಮನಿ ನೋಡಾಕ ಬರತಾರ. ಅದಕ್ಕ ಬಾಜೂದವರ ಎತ್ತ ತಂದ ಕಟ್ಟಾಕ ಹತ್ತೇವಿ, ಗೌಡರ ಕುರ್ಚಿ ತರತೇವಿ, ಎದರ ಮನಿ ಹಂಡೇವೂ ಬರತೈತಿ. ಮುಂಜಾನಿ ಬಡವರು, ಸಂಜೀಕ ಶ್ರೀಮಂತರು! ದೇಶಗೋಳದೂ ಹಿಂಗ ಇರಬೇಕಲ್ರಿ?”

ಸಭೆಯೆಲ್ಲ ಗೊಳ್ಳೆಂದಿತು. ನಾನು ಗೆದ್ದೆ ಎಂದುಕೊಂಡು ಜನರ ಕಡೆ ಸುತ್ತಲೂ ನೋಡಿದೆ. ಹಿಂದಿನ ಬಾಗಿಲ ಹತ್ತಿರ ನಗದೆ ನಿಂತವರು ಇಬ್ಬರೇ ಇದ್ದರು. ಒಬ್ಬ ನಮ್ಮಪ್ಪ. ಇನ್ನೊಬ್ಬರ ತಲೆಗೆ ಕೆಂಪು ರುಮಾಲು, ಸುಡುವ ಬಿಸಿಲಿನಲ್ಲೂ ಕಂಕುಳಲ್ಲಿ ಕರಿ ಛತ್ರಿ. ತಂಬೂರದ ಬೀಗರು ಮಳೆ ಇರಲಿ ಬಿಡಲಿ ಛತ್ರಿ ಬಿಡುವುದಿಲ್ಲ ಎಂದು ಅಣ್ಣ ಹೇಳಿದ್ದ.

ಆಮೇಲೆ ಗೊತ್ತಾದದ್ದು ಇಷ್ಟು. ಬೀಗರಿಗೆ ಯಾವುದೋ ಲಾರಿ ಸಿಕ್ಕು ಮಧ್ಯಾಹ್ನವೇ ಬಂದುಬಿಟ್ಟಿದ್ದರು. ಎಲೆ ಅಡಿಕೆ ತರಲು ಪ್ಯಾಟಿಗೆ ಬಂದ ಅಪ್ಪನಿಗೆ ಎದುರಾಗಿದ್ದರು. ಎತ್ತುಗಳು ಹೊಲದಿಂದ ಜೋಳದ ದಂಟಿನ ಕಣಿಕೆ ಹೇರಿಕೊಂಡು ಬರುವುದು ಸಂಜೆಗೆ. ಕುರ್ಚಿ, ಹಂಡೆ ಯಾವುದೂ ಇನ್ನೂ ಮನೆಗೆ ಬಂದಿರಲಿಲ್ಲ. ಹೊತ್ತು ಕಳೆಯಬೇಕಲ್ಲ ಎಂದು ಅಪ್ಪ, “ಬರ್ರಿ, ನಮ್ಮ ಹುಡುಗಿ ಭಾಷಣಾ ಮಾಡತಾಳ, ಕೇಳೂಣು” ಎಂದು ಅಭಿಮಾನದಿಂದ ಕರೆದುಕೊಂಡು ಬಂದಿದ್ದ.

ನನ್ನ ಮಾತಿಗೆ ಇನ್ನೂ ಎರಡು ನಿಮಿಷ ಉಳಿದಿತ್ತಂತೆ. “ಇಷ್ಟ ಹೇಳಿ ನನ್ನ ಎರಡು ಮಾತು ಮುಗಸತೇನಿ” ಎಂದು ಇಳಿದುಬಿಟ್ಟೆ. ಮೊದಲನೇ ಬಹುಮಾನ ಅಡತಿಯವರ ಮಗನಿಗೆ ಹೋಯಿತು. ನನಗೆ ಎರಡನೆಯದು, ಒಂದು ಶಾಯಿ ಪೆನ್ನು. ಆ ಪೆನ್ನು ಕೈಯಲ್ಲಿ ಹಿಡಿದಾಗ ನನಗೆ ಅನಿಸಿದ್ದು ಒಂದೇ: ನಾನು ನನ್ನ ಅಣ್ಣನ ಮದುವೆಯನ್ನು ಒಂದು ಪೆನ್ನಿಗೆ ಮಾರಿಕೊಂಡೆ.

ಬಹುಮಾನ ಹಂಚಿ ಮುಗಿದು ಬಿಸಿಲು ಇಳಿದ ಮೇಲೆ ಅಪ್ಪ, ಬೀಗರು, ನಾನು ಮೂವರೂ ಮನೆಯ ಕಡೆ ನಡೆದೆವು. ಅಪ್ಪ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ರಸ್ತೆಯ ಮೇಲಿನ ಕಲ್ಲುಗಳನ್ನು ನೋಡುತ್ತ ನಡೆದ. ಅರ್ಧ ದಾರಿ ಆದ ಮೇಲೆ ಬೀಗರು ಮೊದಲ ಮಾತಾಡಿದರು.

“ಯವ್ವಾ, ರೊಟ್ಟಿ ಲೆಕ್ಕ ನೀನ ಹಾಕಿದ್ಯೋ, ಮಾಸ್ತರು ಹಾಕಿ ಕೊಟ್ಟಿದ್ರೋ?”

“ನಾನರಿ.”

“ಹೂಂ.” ಇನ್ನೊಂದಿಷ್ಟು ದೂರ ನಡೆದು, “ಆ ಹುಡುಗ ಹೇಳಿದ್ದೂ ಖರೇನ ಐತಿ. ಅಳೀಲಿಲ್ಲ ಅಂದ್ರ ತಿಳಿಯೂದು ಹ್ಯಾಂಗ? ನಾನೂ ಇವತ್ತ ಅಳ್ಯಾಕ ಬಂದಾಂವ” ಎಂದರು. ಅಷ್ಟೇ.

ನಾವು ಅಂಗಳಕ್ಕೆ ಕಾಲಿಡುವಾಗ ಅವ್ವ ಎದುರು ಮನೆಯ ಹಂಡೆಯನ್ನು ಎತ್ತಿಕೊಂಡು ಹಿತ್ತಲ ಕಡೆ ಹೋಗುತ್ತಿದ್ದಳು. ನಮ್ಮನ್ನು ಕಂಡು ಹಂಡೆ ಸಮೇತ ಅಲ್ಲೇ ನಿಂತಳು. ಬೀಗರು ಕಾಣದವರಂತೆ ಛತ್ರಿಯ ತುದಿ ನೋಡಿದರು. ಅಷ್ಟರಲ್ಲಿ ಓಣಿಯಲ್ಲಿ ಗಂಟೆ ಸದ್ದಾಯಿತು. ಕಣಿಕೆ ಹೇರಿದ ಚಕ್ಕಡಿಯ ಮೇಲೆ ಅಣ್ಣ, ಮುಂದೆ ಕಾಕಾ. ಇಬ್ಬರಿಗೂ ಸಾಲೆಯಲ್ಲಿ ಆದದ್ದು ಗೊತ್ತಿಲ್ಲ. ಕಾಕಾ ಬೀಗರನ್ನು ಕಂಡವನೇ ಎದೆ ಉಬ್ಬಿಸಿ, “ಶರಣರಿ!” ಎಂದು ಜೋರಾಗಿ ನಮಸ್ಕಾರ ಹೊಡೆದು, ನೊಗ ಬಿಚ್ಚಿ ಎರಡೂ ಎತ್ತುಗಳನ್ನು ನಮ್ಮ ಕೊಟ್ಟಿಗೆಗೆ ತಿರುಗಿಸಿದ.

ಬಿಳಿಯದು ಒಳಗೆ ಹೋಯಿತು. ಕೆಂಪನೆಯದು ಬಾಗಿಲಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತು. ಕುತ್ತಿಗೆ ತಿರುಗಿಸಿ ತನ್ನ ಮನೆಯ ಕಡೆ ನೋಡಿತು. ಕಾಕಾ ಹಿಂದಿನಿಂದ ಭುಜ ಕೊಟ್ಟು ದಬ್ಬಿದ. ಹೇಗೋ ಒಳಗೆ ಹೋಗಿ ಮೇವು ಹಾಕುವ ಗ್ವಾದಲಿಗೆ ಮೂತಿ ಇಟ್ಟ ಕೂಡಲೇ ಅಲ್ಲಿಂದ ಕೊಕ್ಕೊಕ್ಕೋ ಎಂದು ನಮ್ಮ ಹೇಟೆ ಕೋಳಿ ಹಾರಿ ಬೀಗರ ರುಮಾಲಿನ ಮೇಲಿಂದ ಹೊರಗೆ ಹೋಯಿತು. ಎರಡನೇ ಎತ್ತಿನ ಮೇವಿನ ಜಾಗ ಖಾಲಿ ಇದೆಯಲ್ಲ ಎಂದು ಅದು ಮೊಟ್ಟೆ ಇಡಲು ಅಲ್ಲೇ ಬಿಡಾರ ಹೂಡಿತ್ತು. ಅದನ್ನು ಎಬ್ಬಿಸಲು ನಾವೆಲ್ಲ ಮರೆತಿದ್ದೆವು.

ಬೀಗರು ಬಾಗಿ ಗ್ವಾದಲಿಯ ಮೇಲೆ ಕೈಯಾಡಿಸಿದರು. ಒಂದು ಕಡೆ ಎತ್ತಿನ ಕುತ್ತಿಗೆ ತಿಕ್ಕಿ ತಿಕ್ಕಿ ನುಣ್ಣಗಾದ ಕಟ್ಟಿಗೆ, ಇನ್ನೊಂದು ಕಡೆ ಒರಟು. ಆಮೇಲೆ ಎದ್ದು ನಿಂತು ಕೇಳಿದರು, “ಎತ್ತ ಯಾರವು?”

ಅಪ್ಪ ಬಾಯಿ ತೆಗೆಯುವುದರೊಳಗೆ ಕಾಕಾ, “ಎರಡೂ ಇವರವರಿ” ಎಂದ.

“ಅಲ್ಲರಿ” ಎಂದ ಅಪ್ಪ. “ಬಿಳೇದು ನಂದು. ಕೆಂಪಂದು ಇವಂದು.”

ಅಪ್ಪ ಹೆದರಿ ಕೆಡಿಸುತ್ತಿದ್ದಾನೆ ಎಂದು ಕಾಕಾ ತಿಳಿದ. “ಏನ ಮಾತಾಡತೀಲೇ? ಎರಡೂ ನಿನ್ನೂ ಅಲ್ಲೇನು? ನನಗ ಎತ್ತ ಎಲ್ಲಿಂದ ಬಂತು? ಇವಗ ಬಿಸಲ ಹತ್ತೇತ್ರಿ ಬೀಗರ.”

“ನಿಂದ ಐತಲೇ.”

“ನನ್ನ ಎತ್ತ ನನಗ ಗೊತ್ತಿಲ್ಲೇನು? ನಿಂದ!”

ಎತ್ತು ನನ್ನದು ಎಂದು ಜಗಳಾಡುವವರನ್ನು ನೋಡಿದ್ದೆ. ನಿನ್ನದು ನಿನ್ನದು ಎಂದು ಇಬ್ಬರು ಗಂಡಸರು ಕೈ ಮಾಡಿ ಜಗಳಾಡುವುದನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಕಾಕಾನಿಗೆ ಕೊನೆಗೆ ಕೊಟ್ಟ ಮಾತು ನೆನಪಾಯಿತು. “ಬಸವಣ್ಣನ ಮ್ಯಾಲ ಕೈ ಇಟ್ಟ ಹೇಳತೇನ್ರಿ” ಎಂದು ಮುಂದೆ ಬಂದ. ಬಿಳಿ ಎತ್ತಿನ ಬೆನ್ನ ಮೇಲಿನ ಹಿಣಿಲಿನ ಮೇಲೆ ಕೈ ಇಟ್ಟು, “ಇದು ಇವಂದು” ಎಂದ. ಆಮೇಲೆ ಕೆಂಪು ಎತ್ತಿನ ಮೇಲೆ ಕೈ ಇಟ್ಟ. ಅದು ತಿರುಗಿ ಅವನ ಮುಖ ನೋಡಿತು. ಕಾಕಾನ ಬಾಯಿ ತೆರೆದದ್ದು ಹಾಗೇ ನಿಂತಿತು. ಸುಳ್ಳು ಹೇಳಲು ಅವನಿಗೆ ಏನೂ ಅನಿಸುತ್ತಿರಲಿಲ್ಲ, ಬಸವಣ್ಣನ ಮೇಲೆ ಕೈ ಇಟ್ಟು ಮಾತ್ರ ಆಗಲಿಲ್ಲ.

“ಇದೂ…” ಎಂದು ಎಂಜಲು ನುಂಗಿದ. “ಇದೂ ವಾರದಾಗ ಮೂರ ದಿನಾ ಇವನ ಹೊಲಾ ಹರಗತೈತ್ರಿ.”

ಅಣ್ಣ ಕಣಿಕೆಯ ಸೂಡು ಹೊತ್ತವನು ಇಳಿಸುವುದನ್ನೇ ಮರೆತು ನಿಂತಿದ್ದ.

ಬೀಗರು ಕೇಳಿದರು, “ನಾಳೆ ನಿಮ್ಮಿಬ್ಬರಿಗೂ ಜಗಳಾ ಆದ್ರ? ನಮ್ಮ ಹುಡುಗಿ ಅರ್ಧ ಹರಗಿದ ಹೊಲದಾಗ ಕುಂದರಬೇಕೇನು?”

ಇದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಮಗಳನ್ನು ಕೊಡುವವರು ಕೇಳಬೇಕಾದದ್ದೇ. ಉತ್ತರ ಕಾಕಾನೇ ಕೊಟ್ಟ.

“ಜಗಳಾ ವಾರಕ್ಕೊಮ್ಮೆ ಆಡತೇವ್ರಿ. ಎತ್ತಿಗೆ ಹೇಳೂದಿಲ್ಲ.”

ಬೀಗರು ನಗಲಿಲ್ಲ, ಅಣ್ಣನ ಕಡೆ ತಿರುಗಿದರು. “ನಮ್ಮ ಹುಡುಗಿ ಎತ್ತ ಹಾಯತಾವೇನಂತ ಕೇಳಿದ್ಲಂತ. ಎರಡೂ ಹಾಯೂದಿಲ್ಲ ಅಂದ್ಯಂತ.”

“ಹೌದ್ರಿ” ಎಂದ ಅಣ್ಣ ಸೂಡಿನ ಕೆಳಗಿನಿಂದ. “ಎರಡೂ ಹಾಯೂದಿಲ್ರಿ. ಎರಡೂ ನಮ್ಮೂ ಅಂತ ಅಂದಿಲ್ರಿ. ಆದ್ರ ಅಲ್ಲಂತನೂ ಅನ್ನಲಿಲ್ಲ. ಹೇಳಿದ್ರ ನೀವು ಬರತಿರಲಿಲ್ಲ.”

ಅಣ್ಣ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಗ ನನಗೆ ದೇಶ, ವಿಂಗಡಣೆ, ಬಹುಮಾನ ಎಲ್ಲದರ ಮೇಲೂ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಎಲ್ಲರೂ ಒಳಗೆ ಬಂದೆವು. ಗೌಡರ ಕುರ್ಚಿಗಳು ಬಂದಿದ್ದವು. ಬೀಗರು ಅವುಗಳನ್ನು ಬಿಟ್ಟು ನೆಲದ ಕಂಬಳಿಯ ಮೇಲೆ ಕೂತರು. ಕೂತು, “ಹೊತ್ತೆಷ್ಟಾತು? ಗಾಡಿ ಎಷ್ಟಕ್ಕೈತಿ?” ಎಂದರು. ಅವ್ವನ ಮುಖ ಬಿದ್ದುಹೋಯಿತು. ಕುಂದಗೋಳದವರೂ ಹೀಗೇ ಗಾಡಿಯ ಮಾತು ತೆಗೆದಿದ್ದರು. ಆದರೂ ಅವಳು ಸುಸಲಾದ ತಾಟು, ಬಾಳೆಹಣ್ಣು ತಂದು ಮುಂದಿಟ್ಟಳು. ಬೀಗರು ತಾಟನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

ಅಪ್ಪ ಕಣ್ಣು ಮುಚ್ಚಿಕೊಂಡ. ಬಾಗಿಲ ಹೊರಗೆ ನಿಂತಿದ್ದ ಅಣ್ಣ ಕೊಟ್ಟಿಗೆಯ ಕಡೆ ಹೋಗಿಬಿಟ್ಟ. ಮುಟ್ಟದ ತಾಟು ಈ ಮನೆಯಲ್ಲಿ ಎರಡನೇ ಸಲ, ಅದೂ ನನ್ನ ಬಾಯಿಯ ದೆಸೆಯಿಂದ. ನಾನು ಗೋಡೆಗೆ ಒರಗಿ ಬಿಕ್ಕತೊಡಗಿದೆ.

“ಇದು ಬ್ಯಾಡ” ಎಂದರು ಬೀಗರು. “ರೊಟ್ಟಿ ಇಲ್ಲೇನವ್ವಾ?”

ಅವ್ವ ಒಂದು ಕ್ಷಣ ಅರ್ಥವಾಗದೆ ನಿಂತಳು. ಆಮೇಲೆ ಓಡಿದಳು. ರೊಟ್ಟಿ ಬುಟ್ಟಿಯೇ ಬಂತು, ಝುಣಕಾ ಬಂತು, ಪುಂಡಿಪಲ್ಯ ಬಂತು, ಮೇಲೆ ಬೆಣ್ಣೆ. ಬೀಗರು ತಲೆ ತಗ್ಗ ಹಾಕಿ ನಿಧಾನವಾಗಿ ಉಂಡರು. ಒಂದು ರೊಟ್ಟಿ ಆಯಿತು. ಎರಡನೆಯದು ಮುರಿದರು. ಅವರು ನಾಲ್ಕನೆಯದನ್ನು ಮುಗಿಸಿ, ಕೈ ತೊಳೆದು, ನೀರು ಕುಡಿದು, ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಹತ್ತಿರ ಕರೆದರು.

“ನಾಕ ರೊಟ್ಟಿ ತಿನ್ನಾಂವ ಈ ಮನ್ಯಾಗ ಒಬ್ಬಾಂವೂ ಇಲ್ಲಂದಿ. ನಾ ತಿಂದೆ ನೋಡು.”

ನಾನು ಕಣ್ಣೊರೆಸಿಕೊಂಡೆ.

“ಇನ್ನ ಮ್ಯಾಲ ಭಾಗಾಕಾರ ಮಾಡೂಮುಂದ,” ಎಂದರು ಬೀಗರು, ಛತ್ರಿ ಹುಡುಕುತ್ತ, “ಒಂದ ತಲಿ ಹೆಚ್ಚ ಹಿಡಿ.”

ನಾನು ಕೊಟ್ಟಿಗೆಗೆ ಓಡಿದೆ. ಅಣ್ಣ ಎರಡೂ ಎತ್ತುಗಳ ನಡುವೆ ಮುಖ ಗೋಡೆಗೆ ಮಾಡಿಕೊಂಡು ನಿಂತಿದ್ದ. “ಹತ್ತು ಮಂದಿ ಆದ್ವಿ” ಎಂದೆ.